ಹದಿನೈದು ನಿಮಿಷದ ದೂರ

ನನಗೊಂದು ಕೆಟ್ಟ ಅಭ್ಯಾಸವಿದೆ. ಯಾರಾದರೂ ‘ಇಂಥ ಊರು ಇಲ್ಲಿಂದ ಎಷ್ಟು ದೂರ?’ ಎಂದು ಕೇಳಿದರೆ ನಾನು ತಟ್ಟನೆ ‘ಯಾವುದರಲ್ಲಿ?’ ಎನ್ನುತ್ತೇನೆ. ಕೇಳಿದವರು ನನ್ನ ಮುಖ ನೋಡುತ್ತಾರೆ. ‘ಯಾವುದರಲ್ಲಿ ಹೋದರೂ ದೂರ ದೂರವೇ ಅಲ್ಲವೇನ್ರೀ, ಮೈಲಿ ಮೈಲಿಯೇ’ ಎಂದು ನನಗೇ ಪಾಠ ಹೇಳುತ್ತಾರೆ. ಪ್ರೈಮರಿ ಶಾಲೆಯಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಮೈಲಿ ಫರ್ಲಾಂಗುಗಳನ್ನು ಬಾಯಿಪಾಠ ಮಾಡಿಸಿದವಳು ನಾನು. ಮೊನ್ನೆ ನೆರೆಮನೆಯಾಕೆ ವಿಮಾನದಲ್ಲಿ ಮದರಾಸಿಗೆ ಹೊರಟಿದ್ದರು. ‘ಇಲ್ಲಿಂದ ಮದರಾಸು ಮುಕ್ಕಾಲು ಗಂಟೆ ಅಷ್ಟೇ’ ಎಂದು ಬೇಲಿಯ ಆಚೆಯಿಂದ ಹೇಳಿದರು. ‘ನಿಮ್ಮ ಮನೆ ಬಾಗಿಲಿಂದಲೋ?’ ಎಂದು ನಾನು ಕೇಳಿಬಿಟ್ಟೆ. ಅಂದಿನಿಂದ ಅವರ ಹಿತ್ತಲ ಕರಿಬೇವು ನಮ್ಮ ಮನೆಗೆ ಬರುವುದು ನಿಂತಿದೆ.

ನಿಜ ಹೇಳಬೇಕೆಂದರೆ ಅವರನ್ನು ಅನ್ನುವುದಕ್ಕೆ ನನಗೆ ಬಾಯಿಲ್ಲ. ಎರಡು ಏರೋಡ್ರಮ್ಮುಗಳ ನಡುವಿನ ದೂರವನ್ನು ನಿಮಿಷದಲ್ಲಿ ಹೇಳಿ ಒಂದು ಮದುವೆಯನ್ನೇ ಕುದುರಿಸಿದ ಪಾಪ ನನ್ನ ತಲೆಯ ಮೇಲಿದೆ. ಆಗ ನನಗೆ ಹದಿಮೂರು ವರ್ಷ. ಯುದ್ಧದ ಕಾಲ.

ನಮ್ಮೂರು ಮುಳಬಾಗಿಲು ತಾಲ್ಲೂಕಿನಲ್ಲಿ, ಬೈರಕೂರಿನ ಪಕ್ಕ. ಮನೆಯೊಳಗೆ ಕನ್ನಡ, ಹೊಲದಲ್ಲಿ ತೆಲುಗು, ಬೈಯುವಾಗ ಎರಡೂ. ಅಲ್ಲಿ ಯಾರೂ ಮೈಲಿಯ ಗೋಜಿಗೆ ಹೋಗುತ್ತಿರಲಿಲ್ಲ. ಹತ್ತಿರದ್ದಾದರೆ ಕೂಗಳತೆ. ಇನ್ನೂ ಸ್ವಲ್ಪ ಮುಂದಾದರೆ ಒಂದು ಎಲೆಯಡಿಕೆ ದೂರ, ಅಂದರೆ ಹೊರಡುವಾಗ ಬಾಯಿಗೆ ಹಾಕಿಕೊಂಡದ್ದನ್ನು ಉಗುಳುವ ಹೊತ್ತಿಗೆ ಊರು ಸಿಗುತ್ತದೆ ಎಂದು. ಅದಕ್ಕೂ ಮುಂದಿನದ್ದಕ್ಕೆಲ್ಲ ‘ಇಲ್ಲೇ’ ಎನ್ನುವ ಒಂದೇ ಮಾತು. ಆದರೆ ಆ ‘ಇಲ್ಲೇ’ಯನ್ನು ಎಷ್ಟು ಎಳೆಯುತ್ತಾರೆ ಎನ್ನುವುದನ್ನು ಕಿವಿಗೊಟ್ಟು ಕೇಳಬೇಕು. ಗಿಡ್ಡದಾಗಿ ‘ಇಲ್ಲೇ’ ಎಂದರೆ ಒಂದು ಫರ್ಲಾಂಗು. ‘ಇಲ್ಲೇಏ’ ಎಂದರೆ ಒಂದು ಹರದಾರಿ. ಗದ್ದ ಮೇಲೆತ್ತಿ, ಕಣ್ಣು ಕಿರಿದು ಮಾಡಿ ‘ಇಲ್ಲೇಏಏ’ ಎಂದು ಎಳೆದರೆ ಬುತ್ತಿ ಕಟ್ಟಿಕೊಂಡು ಹೊರಡುವುದೇ ವಾಸಿ. ಮುಳಬಾಗಿಲಿಗೆ ಹೊಸದಾಗಿ ಬಂದ ಅಮಲ್ದಾರರೊಬ್ಬರು ಇದು ತಿಳಿಯದೆ ‘ಇಲ್ಲೇ ಅಂದರು’ ಎಂದು ಕೆರೆ ನೋಡಲು ನಡೆದೇ ಹೊರಟು, ಮಾರನೆಯ ದಿನ ಎರಡೂ ಕಾಲಿಗೆ ಹರಳೆಣ್ಣೆ ಹಚ್ಚಿಸಿಕೊಂಡು ಕೂತಿದ್ದರಂತೆ.

ನಮ್ಮಜ್ಜಿಯ ಅಳತೆ ಇವೆಲ್ಲಕ್ಕಿಂತ ಬೇರೆ. ಅಪ್ಪನ ತಾಯಿ ಅವಳು. ಮನೆಯ ಹೆಣ್ಣುಮಕ್ಕಳನ್ನು ಎಷ್ಟು ದೂರಕ್ಕೆ ಕೊಡಬಹುದು ಎನ್ನುವುದನ್ನು ಅವಳು ರಾಗಿಮುದ್ದೆಯಲ್ಲಿ ಅಳೆಯುತ್ತಿದ್ದಳು. ಇಲ್ಲಿ ಒಲೆಯಿಂದ ಇಳಿಸಿ ಮುತ್ತುಗದೆಲೆಯಲ್ಲಿ ಸುತ್ತಿ, ಮೇಲೊಂದು ಬಟ್ಟೆ ಕಟ್ಟಿ ಕಳಿಸಿದ ಮುದ್ದೆ, ಬೀಗರ ಮನೆಯಲ್ಲಿ ಬಿಚ್ಚುವಾಗ ಕೈಗೆ ಬೆಚ್ಚಗಿರಬೇಕು. ಆರಿದ್ದರೆ ಆ ಸಂಬಂಧ ಬೇಡ. ಗಂಡು ಕುಬೇರನ ಮಗನಾದರೂ ಬೇಡ.

ಇದಕ್ಕೊಂದು ಕಾರಣವಿತ್ತು. ಅಜ್ಜಿಯ ಕಿರಿ ಮಗಳು, ನಮ್ಮ ಗೌರತ್ತೆ, ಶ್ರೀನಿವಾಸಪುರದ ಕಡೆಗೆ ಮದುವೆಯಾಗಿ ಹೋಗಿ ಎರಡನೆಯ ವರ್ಷವೇ ಜ್ವರದಲ್ಲಿ ತೀರಿಕೊಂಡಿದ್ದಳು. ನಾನು ಹುಟ್ಟುವುದಕ್ಕೂ ಮೊದಲಿನ ಮಾತು. ಅಜ್ಜಿ ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತಂತೆ. ‘ದೂರಕ್ಕೆ ಕೊಟ್ಟೆ, ಕಳಕೊಂಡೆ’ ಎಂದು ಅಜ್ಜಿ ವರ್ಷಕ್ಕೊಂದೆರಡು ಸಲ ಅನ್ನುತ್ತಿದ್ದಳು. ಅದಕ್ಕಿಂತ ಹೆಚ್ಚು ಹೇಳುತ್ತಿರಲಿಲ್ಲ, ಯಾರೂ ಕೇಳುತ್ತಲೂ ಇರಲಿಲ್ಲ. ಹಾಗಾಗಿ ನನ್ನ ಮನಸ್ಸಿನಲ್ಲಿ ಶ್ರೀನಿವಾಸಪುರ ಕಾಶಿಯಿಂದಲೂ ಆಚೆ ಎಲ್ಲೋ ಇತ್ತು. ಮುಳಬಾಗಿಲಿನ ಮಿಡ್ಲ್ ಸ್ಕೂಲಿಗೆ ಸೇರಿದ ಮೇಲೆ ಮೇಷ್ಟರು ಗೋಡೆಯ ಭೂಪಟದ ಮೇಲೆ ಕೋಲಿಟ್ಟು ತೋರಿಸಿದರು. ಶ್ರೀನಿವಾಸಪುರ ಮುಳಬಾಗಿಲಿನಿಂದ ನನ್ನ ಕಿರುಬೆರಳ ಉಗುರಿನಷ್ಟೇ ಆಚೆ ಇತ್ತು. ಭೂಪಟ ತಪ್ಪಾಗಿದೆ ಸಾರ್ ಎಂದು ಹೇಳಿ ಆ ಗಂಟೆ ಮುಗಿಯುವ ತನಕ ಬೆಂಚಿನ ಮೇಲೆ ನಿಂತೆ.

ಅಜ್ಜಿಯ ಮುದ್ದೆಗೆ ಸಿಕ್ಕಿ ನರಳಿದವಳು ನಮ್ಮ ಪದ್ದಕ್ಕ. ನನಗಿಂತ ಆರು ವರ್ಷ ದೊಡ್ಡವಳು. ಚಿಂತಾಮಣಿಯಿಂದ ಒಂದು ಒಳ್ಳೆಯ ಸಂಬಂಧ ಬಂದಾಗ ಅಜ್ಜಿ ಅಪ್ಪನ ಕೈಗೆ ಮುದ್ದೆ ಕಟ್ಟಿಕೊಟ್ಟು ಕಳಿಸಿದಳು. ಅಪ್ಪ ಅಲ್ಲಿ ಮುಟ್ಟಿ ಗಂಟು ಬಿಚ್ಚುವಾಗ ಮುದ್ದೆ ಕಲ್ಲಾಗಿತ್ತು. ದಾರಿಯಲ್ಲೇ ತಿಂದು ‘ಬಿಸಿಯಾಗಿತ್ತಮ್ಮ’ ಎಂದು ಹೇಳಿಬಿಡಬಹುದಿತ್ತು, ಆದರೆ ಅಪ್ಪ ಸುಳ್ಳು ಹೇಳುವ ಪೈಕಿಯಲ್ಲ. ನಂಗಲಿಯ ಗಂಡೊಬ್ಬ ಮುದ್ದೆಯಲ್ಲಿ ಪಾಸಾದ, ಜಾತಕದಲ್ಲಿ ಫೇಲಾದ. ಪದ್ದಕ್ಕನಿಗೆ ಹತ್ತೊಂಬತ್ತು ತುಂಬಿತು. ಓರಗೆಯವರೆಲ್ಲ ಕಂಕುಳಲ್ಲಿ ಮಗು ಇಟ್ಟುಕೊಂಡು ತವರಿಗೆ ಬರುತ್ತಿದ್ದರು. ಇವಳು ಹಿಪ್ಪುನೇರಳೆ ಸೊಪ್ಪು ಕುಯ್ಯುತ್ತಾ, ಅವರು ಕಂಡರೆ ಇನ್ನೊಂದು ಸಾಲಿಗೆ ಹೋಗಿಬಿಡುತ್ತಿದ್ದಳು.

ಇಂಥ ಹೊತ್ತಿನಲ್ಲಿ ಮಾಲೂರಿನಿಂದ ವೆಂಕಟೇಶಪ್ಪ ಮಾವ ಬಂದರು. ಅಮ್ಮನ ಅಣ್ಣ. ಇಟ್ಟಿಗೆ ಗೂಡಿನಲ್ಲಿ ಮೇಸ್ತ್ರಿ. ಗೂಡಿನ ಆಳುಗಳನ್ನು ಕೂಗಿ ಕೂಗಿ ಅವರಿಗೆ ಮೆಲ್ಲಗೆ ಮಾತಾಡುವುದು ಮರೆತೇ ಹೋಗಿತ್ತು. ಗುಟ್ಟು ಹೇಳಿದರೂ ಓಣಿಗೆಲ್ಲ ಕೇಳಿಸುತ್ತಿತ್ತು. ಅವರು ತಂದದ್ದು ಮಾಲೂರಿನದೇ ಒಂದು ಮನೆತನದ ಹುಡುಗನ ವಿಚಾರ. ಹೆಸರು ನಾರಾಯಣಪ್ಪ. ಬೆಂಗಳೂರಿನ ಏರೋಡ್ರಮ್ಮಿನಲ್ಲಿ ಫಿಟ್ಟರ್ ಕೆಲಸ.

ಏರೋಡ್ರಮ್ಮು ಎನ್ನುವ ಮಾತು ಆಗ ನಮ್ಮ ಕಡೆಗೆ ಹೊಸದು. ಯುದ್ಧಕ್ಕೆಂದು ಕೋಲಾರದ ಹತ್ತಿರದ ಬಯಲಿನಲ್ಲಿ ವಿಮಾನ ಇಳಿಯುವ ಮೈದಾನವೊಂದನ್ನು ಮಾಡಿದ್ದರು. ನಮ್ಮೂರವರು ಆ ಹೆಸರನ್ನು ಎರಡಾಗಿ ಬಿಡಿಸಿ ‘ಏರೋ ಡ್ರಮ್ಮು’ ಎಂದು ಮಾಡಿಕೊಂಡಿದ್ದರು. ಸೀಮೆಎಣ್ಣೆ ಡ್ರಮ್ಮು ಎಲ್ಲರೂ ನೋಡಿದ್ದದ್ದೇ, ಇದು ಮೇಲಕ್ಕೆ ಏರುವ ಡ್ರಮ್ಮು. ಆಗೊಮ್ಮೆ ಈಗೊಮ್ಮೆ ಒಂದು ವಿಮಾನ ಗುಂಯ್ ಎಂದು ನಮ್ಮ ತಲೆಯ ಮೇಲೆ ಹೋಗುವುದು. ಕೋಳಿಗಳು ಪಂಜರಕ್ಕೆ ನುಗ್ಗುವುವು. ಅಜ್ಜಿ ಸಂಡಿಗೆ ಒಣಹಾಕಿದ ಚಾಪೆಯ ಪಕ್ಕ ಎದ್ದು ನಿಂತು, ಕಾಗೆ ಓಡಿಸುವ ಕೋಲನ್ನೇ ಅದಕ್ಕೂ ಬೀಸುತ್ತಿದ್ದಳು.

ಹೆಣ್ಣು ನೋಡಲು ಬಂದ ದಿನ ನಾರಾಯಣಪ್ಪ ತಲೆ ಬಗ್ಗಿಸಿ ಕೂತಿದ್ದ. ಉಗುರಿನ ಸಂದಿಯಲ್ಲಿ ಎಷ್ಟು ತೊಳೆದರೂ ಹೋಗದ ಕಪ್ಪು ಗ್ರೀಸು. ಅವನ ಜೊತೆಗೆ ಬಂದ ಹೆಂಗಸೊಬ್ಬಳು ‘ಒಂದು ಹಾಡು ಹೇಳಮ್ಮ’ ಎಂದಾಗ ಪದ್ದಕ್ಕ ‘ಬರಲ್ಲ’ ಎಂದಳು. ಎಲ್ಲರ ಮುಖವೂ ಸಪ್ಪಗಾಯಿತು. ನಾರಾಯಣಪ್ಪ ತಲೆಯೆತ್ತದೆ, ‘ನಂಗೂ ಬರಲ್ಲ’ ಎಂದ. ಪದ್ದಕ್ಕನಿಗೆ ಅಷ್ಟು ಸಾಕಾಯಿತು. ಕಾಫಿ ಲೋಟ ತೆಗೆದುಕೊಂಡು ಹೋಗುವ ನೆವದಲ್ಲಿ ನನ್ನ ರಟ್ಟೆ ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋಗಿ, ‘ಇದೊಂದು ಆಗಲಿ ಕಣೇ. ಅಜ್ಜಿ ಈ ಸಲಾನೂ ಮುದ್ದೆ ತಗೊಂಡ್ರೆ ನಾನು ಇಲ್ಲೇ ಸೊಪ್ಪು ಕುಯ್ಕೊಂಡು ಮುದುಕಿ ಆಗ್ತೀನಿ’ ಎಂದಳು.

ನಡುಮನೆಯಲ್ಲಿ ಅಜ್ಜಿ ಆಗಲೇ ಶುರು ಮಾಡಿದ್ದಳು. ‘ಹುಡುಗ ಒಳ್ಳೇವನೇ. ಆದ್ರೆ ಬೆಂಗಳೂರು. ದೂರ ಆಯ್ತಲ್ಲಪ್ಪ.’

‘ಎಲ್ಲಿ ದೂರಮ್ಮ?’ ಎಂದು ಮಾವ ಗೂಡಿನ ಗಂಟಲು ತೆಗೆದರು. ‘ಹುಡುಗ ಇರೋ ಮನೆ ಬೆಂಗಳೂರು ಏರೋಡ್ರಮ್ಮಿನ ಬೇಲಿಗೆ ಅಂಟಿಕೊಂಡಂಗೆ ಇದೆ. ಅಲ್ಲಿಂದ ನಮ್ಮ ಕೋಲಾರದ ಏರೋಡ್ರಮ್ಮಿಗೆ ಎಷ್ಟು ಹೊತ್ತು ಅಂತೀರಿ? ಹದಿನೈದೇ ನಿಮಿಷ.’

ಮಾವ ಸುಳ್ಳು ಹೇಳಲಿಲ್ಲ. ಸತ್ಯವನ್ನು ಬೇಕಾದಷ್ಟಕ್ಕೆ ಕತ್ತರಿಸಿ ಕೊಟ್ಟರು, ಅಷ್ಟೇ.

‘ಹೌದೇನಪ್ಪ?’ ಎಂದು ಅಜ್ಜಿ ನಾರಾಯಣಪ್ಪನನ್ನೇ ಕೇಳಿದಳು.

ಅವನು ಪಾಪ, ಕೇಳಿದ್ದಕ್ಕೆ ಉತ್ತರ ಕೊಡುವ ಮನುಷ್ಯ. ‘ಎದುರುಗಾಳಿ ಇಲ್ದಿದ್ರೆ ಹದಿನಾಲ್ಕೂ ಆಗುತ್ತಜ್ಜಿ’ ಎಂದ.

ಅಜ್ಜಿಗೆ ನಿಮಿಷದ ಲೆಕ್ಕ ತಿಳಿಯದು, ಗಳಿಗೆಯ ಲೆಕ್ಕ ಗೊತ್ತು. ಗಡಿಯಾರದ ವಿಷಯದಲ್ಲಿ ಮನೆಯಲ್ಲಿ ಅವಳು ನಂಬುತ್ತಿದ್ದದ್ದು ಮಿಡ್ಲ್ ಸ್ಕೂಲು ಓದುತ್ತಿದ್ದ ನನ್ನೊಬ್ಬಳನ್ನೇ. ‘ಬಾರೇ ಇಲ್ಲಿ’ ಎಂದು ಕರೆದಳು. ‘ಹದಿನೈದು ನಿಮಿಷ ಅಂದ್ರೆ ಎಷ್ಟು ಗಳಿಗೆನೇ?’

‘ಅರ್ಧ ಗಳಿಗೆ ಮೇಲೆ ಚೂರು’ ಎಂದೆ.

‘ಮುದ್ದೆ?’

ಬಾಗಿಲ ಸಂದಿಯಲ್ಲಿ ಪದ್ದಕ್ಕನ ಕಣ್ಣು ಕಾಣುತ್ತಿತ್ತು. ಅಕ್ಕನ ಮೇಲಿನ ಪ್ರೀತಿಯೊಂದೇ ಆಗಿದ್ದರೆ ಇವತ್ತು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದೆ. ನನಗೆ ಬೆಂಗಳೂರು ನೋಡುವ ಆಸೆಯೂ ಇತ್ತು, ಭಾವ ವಿಮಾನದ ರೆಕ್ಕೆ ಮುಟ್ಟಲು ಬಿಡುತ್ತಾನೆ ಎನ್ನುವ ಲೆಕ್ಕವೂ ಇತ್ತು. ನಮ್ಮೂರಿನಿಂದ ಆ ಕೋಲಾರದ ಮೈದಾನ ಮುಟ್ಟುವುದಕ್ಕೇ ಅರ್ಧ ದಿನ ಬೇಕು, ಮುಟ್ಟಿದರೂ ಆ ವಿಮಾನದೊಳಗೆ ಯಾರೂ ನಮ್ಮನ್ನು ಕೂರಿಸುವುದಿಲ್ಲ ಎನ್ನುವುದು ಹದಿಮೂರು ವರ್ಷದ ನನಗೆ ಚೆನ್ನಾಗಿ ಗೊತ್ತಿತ್ತು. ಅಜ್ಜಿ ಅದನ್ನು ಕೇಳಲಿಲ್ಲವಲ್ಲ.

‘ನಾಲಗೆ ಸುಡುತ್ತಜ್ಜಿ’ ಎಂದೆ.

ಮದುವೆ ಆಯಿತು. ಪದ್ದಕ್ಕ ಗಾಡಿ ಹತ್ತಿ ಮುಳಬಾಗಿಲಿಗೆ, ಬಸ್ಸು ಹತ್ತಿ ಕೋಲಾರಕ್ಕೆ, ಅಲ್ಲಿಂದ ರೈಲು ಹತ್ತಿ, ಇಳಿದು, ಇನ್ನೊಂದು ರೈಲು ಹತ್ತಿ, ಮಾಲೂರಿನಲ್ಲಿ ಅತ್ತೆಮನೆಯ ಹೊಸ್ತಿಲು ದಾಟಿ, ಮೂರನೆಯ ದಿನ ಬೆಂಗಳೂರು ಮುಟ್ಟಿದಳು. ಈ ವಿವರವೆಲ್ಲ ಅವಳ ಕಾಗದದಲ್ಲಿತ್ತು. ಅಜ್ಜಿಗೆ ಕಾಗದ ಓದಿ ಹೇಳುವವಳು ನಾನೇ ಆದ್ದರಿಂದ ‘ಸುಖವಾಗಿ ತಲುಪಿದೆ’ ಎಂದಷ್ಟೇ ಓದಿದೆ. ಸತ್ಯವನ್ನು ಕತ್ತರಿಸುವ ವಿದ್ಯೆ ಮಾವನಿಂದ ನನಗೂ ಬಂದಿತ್ತು.

ಆಮೇಲೆ ಕಷ್ಟ ಶುರುವಾದದ್ದು ನಮ್ಮ ಟಪ್ಪಾಲಿನವನಿಗೆ. ಕಾಗದದ ಮೇಲಿನ ತಾರೀಖನ್ನು ನನ್ನಿಂದ ಓದಿಸಿ, ಬೆರಳು ಮಡಚಿ ಎಣಿಸಿ, ಅಜ್ಜಿ ಅವನನ್ನು ಜಗುಲಿಯ ಮೇಲೆ ಕೂರಿಸಿ ವಿಚಾರಣೆ ಮಾಡುವಳು. ‘ಹದಿನೈದು ನಿಮಿಷದ ದಾರಿಗೆ ಐದು ದಿನ ಮಾಡ್ತೀಯಲ್ಲೋ, ದಾರೀಲಿ ಯಾರ ಮನೆ ಜಗುಲೀಲಿ ಮಲಗಿರ್ತೀಯಾ?’ ಅವನು ಬೆಪ್ಪಾಗಿ ನನ್ನ ಕಡೆ ನೋಡುವನು. ನಾನು ದನಕ್ಕೆ ನೀರು ಕುಡಿಸಲು ಎದ್ದು ಹೋಗುವೆನು. ನಮ್ಮ ಮನೆಯ ದನಗಳು ಆ ವರ್ಷ ಕುಡಿದಷ್ಟು ನೀರನ್ನು ಹಿಂದೆಂದೂ ಕುಡಿದಿರಲಿಲ್ಲ.

ಅಪ್ಪ ಅಮ್ಮನಿಗೂ ಈ ನಿಮಿಷದ ನಿಜ ಗೊತ್ತಿತ್ತು. ಮದುವೆ ನಿಲ್ಲುತ್ತದೆಂದು ಅವರೂ ಬಾಯಿ ಹೊಲಿದುಕೊಂಡಿದ್ದರು. ಸುಳ್ಳು ಹೇಳದ ಅಪ್ಪ, ಆ ಮಾತು ಬಂದಾಗಲೆಲ್ಲ ಕೆಮ್ಮುತ್ತಿದ್ದರು. ಹೀಗೆ ಅಜ್ಜಿಯೊಬ್ಬಳನ್ನು ಬಿಟ್ಟು ಇಡೀ ಊರಿಗೇ ತಿಳಿದ ಗುಟ್ಟು ಅದಾಗಿ, ಒಂದೂವರೆ ವರ್ಷ ನಡೆಯಿತು.

ಶಾಲೆಗೆ ರಜೆಯಿದ್ದ ಒಂದು ಬೆಳಿಗ್ಗೆ ತಂತಿ ಬಂತು. ಅಪ್ಪ ರೇಷ್ಮೆಗೂಡು ಹೇರಿಕೊಂಡು ಚಿಂತಾಮಣಿಗೆ ಹೋಗಿದ್ದರು. ತಂತಿಯಲ್ಲಿ ಇಂಗ್ಲಿಷಿನ ಮೂರೇ ಮಾತು. ಪದ್ದಕ್ಕನಿಗೆ ಜೋರು ಜ್ವರ, ಹೊರಟು ಬನ್ನಿ ಎಂದು. ಅಜ್ಜಿ ಕೈಯಲ್ಲಿದ್ದ ಮೊರವನ್ನು ಕೆಳಗಿಟ್ಟಳು.

‘ಅತ್ತೆ, ಇವತ್ತು ಅಮಾವಾಸ್ಯೆ’ ಎಂದಳು ಅಮ್ಮ. ‘ಅವರೂ ಊರಲ್ಲಿಲ್ಲ. ಸಂಜೆಗೆ ಬರ್ತಾರೆ. ಬೆಳಿಗ್ಗೆ ಎದ್ದು ಎಲ್ಲ ಒಟ್ಟಿಗೆ ಹೋಗೋಣ.’

ನಮ್ಮಜ್ಜಿ ಪಂಚಾಂಗ ಕೇಳದೆ ಹಿತ್ತಲಿಗೂ ಹೊಸ ದಾರಿಯಲ್ಲಿ ಹೋಗುವವಳಲ್ಲ. ಅಂಥವಳು ‘ಅಮಾವಾಸ್ಯೆ ಅದರ ಪಾಡಿಗೆ ಅದಿರಲಿ, ಗಾಡಿ ಕಟ್ಟಿಸು’ ಎಂದಳು. ಒಲೆಯ ಮೇಲಿದ್ದ ನಾಲ್ಕು ಮುದ್ದೆಗಳನ್ನು ಬಟ್ಟೆಗೆ ಕಟ್ಟಿಕೊಂಡು, ನನ್ನ ಕೈ ಹಿಡಿದು ಹೊರಟೇಬಿಟ್ಟಳು. ಅಮ್ಮನಿಗೆ ಇನ್ನೊಂದು ಮಾತು ಆಡುವುದಕ್ಕೂ ಸಮಯ ಸಿಗಲಿಲ್ಲ.

ಮುಳಬಾಗಿಲಿನಿಂದ ಕೋಲಾರದ ಬಸ್ಸಿಗೆ ಆಗ ಪೆಟ್ರೋಲು ಇರಲಿಲ್ಲ. ಬೆನ್ನಿಗೆ ಕಟ್ಟಿದ ಒಲೆಯಲ್ಲಿ ಇದ್ದಿಲು ಸುಟ್ಟು, ಆ ಹೊಗೆಯಲ್ಲಿ ಓಡಬೇಕು. ಓಡಬೇಕು ಎಂದರೆ ಇಳಿಜಾರಿನಲ್ಲಿ. ಏರು ಬಂದರೆ ಗಂಡಸರೆಲ್ಲ ಇಳಿದು ತಳ್ಳುವರು. ಅಜ್ಜಿ ಕಿಟಕಿಯಿಂದ ತಲೆ ಹೊರಗೆ ಹಾಕಿ, ‘ಇನ್ನೊಂಚೂರು ಬಲವಾಗಿ ತಳ್ಳಿ ಅಪ್ಪಗಳಿರಾ, ಹುಡುಗಿಗೆ ಜ್ವರ’ ಎಂದಳು. ಯಾರ ಹುಡುಗಿ ಎಂದು ಯಾರೂ ಕೇಳಲಿಲ್ಲ, ತಳ್ಳಿದರು. ನನಗೆ ಮಾತ್ರ, ಪದ್ದಕ್ಕನಿಗೆ ಏನಾದರೂ ಆದರೆ ಅದು ನನ್ನ ನಾಲಗೆಯಿಂದಲೇ ಆದದ್ದು ಎಂದು ಒಂದೇ ಸಮನೆ ಅನ್ನಿಸುತ್ತಿತ್ತು.

ಕೋಲಾರದಲ್ಲಿ ಇಳಿದಾಗ ಮಧ್ಯಾಹ್ನ ತಿರುಗಿತ್ತು. ‘ಬೆಂಗಳೂರಿಗೆ ಯಾವಾಗ ಏನು ಸಿಗುತ್ತೆ ಕೇಳ್ಕೊಂಡು ಬರ್ತೀನಿ ಅಜ್ಜಿ’ ಎಂದೆ.

‘ಅದ್ಯಾಕೆ? ಏರೋ ಡ್ರಮ್ಮಿಗೆ ಜಟಕಾ ಮಾಡು. ಹದಿನೈದು ನಿಮಿಷ ಅಂದೋಳು ನೀನೇ ಅಲ್ವಾ?’

ನಾನು ಅಲ್ಲೇ ಹೇಳಿಬಿಡಬೇಕಿತ್ತು. ಜಟಕಾದಲ್ಲಿ ಕೂತೆ.

ಮೈದಾನದ ಸುತ್ತ ಮುಳ್ಳುತಂತಿ. ಗೇಟಿನಲ್ಲಿ ಬಂದೂಕು ಹಿಡಿದ ಸಿಪಾಯಿ. ಅವನು ಹಿಂದೂಸ್ತಾನಿಯಲ್ಲಿ ಏನೋ ಗದರಿದ. ಗದರಿದ ಸದ್ದಿಗೆ ಒಳಗಿನಿಂದ ಕೆಂಪು ಮುಖದ ದೊರೆಯೊಬ್ಬ ಬಂದ. ನಮ್ಮಜ್ಜಿಗೆ ಒಂದು ನಂಬಿಕೆಯಿತ್ತು: ಲೋಕದಲ್ಲಿ ಇರುವುದು ಎರಡೇ ಮಾತು, ಕನ್ನಡ ಬಾರದವರಿಗೆಲ್ಲ ತೆಲುಗು ಬರುತ್ತದೆ. ಆದ್ದರಿಂದ ದೊರೆಯ ಹತ್ತಿರ ಹೋಗಿ ಕೈಮುಗಿದು, ‘ದೊರಾ, ಮಾ ಪಾಪಕು ಜ್ವರಂ. ಪದಿಹೇನು ನಿಮಿಷಾಲೇ ಕದಾ, ಒಕ ಸಾರಿ ಎಕ್ಕಿಂಚು’ ಎಂದಳು. ನಮ್ಮ ಹುಡುಗಿಗೆ ಜ್ವರ, ಹದಿನೈದೇ ನಿಮಿಷವಲ್ಲವೇ, ಒಂದು ಸಲ ಹತ್ತಿಸಿಕೊಳ್ಳಿ ಎಂದು.

ದೊರೆ ನನ್ನ ಕಡೆ ನೋಡಿದ. ನಾನು ಮಿಡ್ಲ್ ಸ್ಕೂಲಿನ ಇಂಗ್ಲಿಷನ್ನೆಲ್ಲ ಒಟ್ಟುಗೂಡಿಸಿ, ‘ಸರ್, ದಿಸ್ ಈಸ್ ಮೈ ಗ್ರಾಂಡ್‌ಮದರ್. ಶಿ ಈಸ್ ಫಿಫ್ಟೀನ್ ಮಿನಿಟ್ಸ್’ ಎಂದೆ. ದೊರೆ ತನ್ನ ಕೈಗಡಿಯಾರ ನೋಡಿಕೊಂಡ. ಈ ಮುದುಕಿಗೆ ಇನ್ನು ಹದಿನೈದೇ ನಿಮಿಷ ಆಯುಸ್ಸು ಎಂದು ತಿಳಿದನೋ ಏನೋ, ಮುಖ ಗಂಭೀರವಾಯಿತು.

ಅಜ್ಜಿಯ ನಂಬಿಕೆ ಪೂರ್ತಿ ಸುಳ್ಳಾಗಲಿಲ್ಲ. ಗೇಟಿನ ಒಳಗೆ ಖಾಲಿ ಡ್ರಮ್ಮುಗಳನ್ನು ಹೇರಿಕೊಂಡು ನಿಂತಿದ್ದ ಲಾರಿಯ ಡ್ರೈವರು ತೆಲುಗು ಕಿವಿಗೆ ಬಿದ್ದದ್ದೇ ಇಳಿದು ಬಂದ. ಚಿತ್ತೂರಿನ ಕಡೆಯವನು, ಮುನಿಸ್ವಾಮಿ ಎಂದು. ಅಜ್ಜಿಯ ಮಾತನ್ನೆಲ್ಲ ಕೇಳಿ, ‘ಅವ್ವಾ, ಅವು ಯುದ್ಧಕ್ಕೆ ಹೋಗೋವು. ನಮ್ಮಂಥೋರು ಹತ್ತಂಗಿಲ್ಲ’ ಎಂದ. ಅಜ್ಜಿ ಮೈದಾನದಲ್ಲಿ ಸಾಲಾಗಿ ನಿಂತ ವಿಮಾನಗಳನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಮುನಿಸ್ವಾಮಿ ದೊರೆಯ ಹತ್ತಿರ ಹೋಗಿ ತನಗೆ ಬಂದ ಇಂಗ್ಲಿಷಿನಲ್ಲಿ ಏನೇನೋ ಹೇಳಿದ. ಅವನ ಲಾರಿ ಹೊರಟಿದ್ದದ್ದು ಬೆಂಗಳೂರಿನ ಏರೋಡ್ರಮ್ಮಿಗೇ. ದೊರೆ ಅಜ್ಜಿಯ ಬರಿಗಾಲು ನೋಡಿದ, ಅತ್ತ ಇತ್ತ ನೋಡಿದ, ಕೈಬೀಸಿದ. ಎಲ್ಲೋ ಸಮುದ್ರದಾಚೆ ಅವನಿಗೂ ಒಬ್ಬ ಅಜ್ಜಿ ಇದ್ದಿರಬೇಕು. ನಾವು ಡ್ರೈವರಿನ ಪಕ್ಕದಲ್ಲಿ ಹತ್ತಿ ಕೂತೆವು. ಹಿಂದೆ ಡ್ರಮ್ಮುಗಳು ಗಡಗಡ ಎನ್ನುತ್ತಿದ್ದವು. ಸಾಯುವ ತನಕ ಅಜ್ಜಿ ‘ನಾನೂ ಏರೋ ಡ್ರಮ್ಮಿನಲ್ಲೇ ಹೋದವಳು’ ಎಂದು ಹೇಳಿಕೊಳ್ಳುತ್ತಿದ್ದಳು, ಅದು ಪೂರ್ತಿ ಸುಳ್ಳೂ ಅಲ್ಲ.

ಹೊಸಕೋಟೆಯ ಹತ್ತಿರ ಲಾರಿಗೆ ನೀರು ಹಾಕಲು ನಿಲ್ಲಿಸಿದಾಗ ಅಜ್ಜಿ ಗಂಟು ಬಿಚ್ಚಿ ಮುನಿಸ್ವಾಮಿಗೆ ಮುದ್ದೆ ಕೊಟ್ಟಳು. ತಣ್ಣಗೆ ಗಟ್ಟಿಯಾಗಿತ್ತು. ‘ರಾಗಿ ಸಂಗಟಿ’ ಎಂದು ಅವನು ಕಣ್ಣಿಗೊತ್ತಿಕೊಂಡು, ಉಪ್ಪು ಮೆಣಸಿನಕಾಯಿ ನಂಚಿಕೊಂಡು ಎರಡು ತಿಂದ. ಅವನು ಕೈ ತೊಳೆಯಲು ಹೋದಾಗ ನಾನು ತಡೆಯಲಾರದೆ ಅತ್ತುಬಿಟ್ಟೆ.

‘ಅಜ್ಜಿ, ನಂಗೆ ಮೊದಲೇ ಗೊತ್ತಿತ್ತು. ಅದು ವಿಮಾನದ ಲೆಕ್ಕ ಅಂತ. ನಾವು ಹತ್ತೋಕೆ ಆಗಲ್ಲ ಅಂತಾನೂ ಗೊತ್ತಿತ್ತು.’

ಅಜ್ಜಿ ಗಂಟು ಕಟ್ಟುತ್ತಾ ಕೇಳಿದಳು, ‘ಪದ್ದ ಅವನನ್ನ ಆವತ್ತೇ ಒಪ್ಕೊಂಡಿದ್ಲಾ?’

‘ಹೂಂ.’

‘ಹಂಗಾದ್ರೆ ಮೂಗು ಒರೆಸ್ಕೋ’ ಎಂದಳು.

ಈ ಏರೋಡ್ರಮ್ಮಿನಿಂದ ಆ ಏರೋಡ್ರಮ್ಮಿಗೆ ನಮಗೆ ಹಿಡಿದದ್ದು ಎರಡೂವರೆ ಗಂಟೆಯ ಮೇಲೆ. ಬೇಲಿಯ ಪಕ್ಕದ ವಠಾರದ ಮನೆ ಹುಡುಕಿ ಒಳಗೆ ಕಾಲಿಡುವಾಗ ದೀಪ ಹಚ್ಚುವ ಹೊತ್ತು. ಪದ್ದಕ್ಕ ಚಾಪೆಯ ಮೇಲೆ ಮಲಗಿದ್ದಳು. ತುಟಿ ಬಿಳುಚಿತ್ತು, ಕೂದಲು ಹಣೆಗೆ ಅಂಟಿತ್ತು, ನಮ್ಮ ಗುರುತು ಹತ್ತಲಿಲ್ಲ. ವಿಷಮಶೀತ ಜ್ವರ ಎಂದು ಡಾಕ್ಟರು ಹೇಳಿದ್ದರಂತೆ. ಅಜ್ಜಿ ಕಾಲು ತೊಳೆದು ಬಂದವಳೇ ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಆಮೇಲೆ ಹತ್ತು ದಿನ ಅಜ್ಜಿ ಆ ಕೋಣೆಯಿಂದ ಹೊರಗೆ ಬಂದದ್ದು ಸ್ನಾನಕ್ಕೆ ಮಾತ್ರ. ಹಣೆಗೆ ಒದ್ದೆ ಬಟ್ಟೆ, ಗಂಟೆಗೊಮ್ಮೆ ಜೀರಿಗೆ ನೀರು, ಡಾಕ್ಟರು ಕೊಟ್ಟ ಔಷಧಿ. ಮೂರನೆಯ ದಿನಕ್ಕೆ ಅಪ್ಪ ಅಮ್ಮನೂ ಬಂದು ಸೇರಿದರು. ತಲೆಯ ಮೇಲೆ ಅಷ್ಟು ವಿಮಾನಗಳು ಹೋದವು, ನಾನು ಒಂದನ್ನೂ ಹೊರಗೆ ಬಂದು ನೋಡಲಿಲ್ಲ. ರೆಕ್ಕೆ ಮುಟ್ಟುವ ಆಸೆ ಎಲ್ಲಿ ಹೋಯಿತೋ.

ಹನ್ನೊಂದನೆಯ ದಿನ ಬೆಳಿಗ್ಗೆ ಪದ್ದಕ್ಕನ ಮೈ ಬೆವರಿ ತಣ್ಣಗಾಯಿತು. ಕಣ್ಣುಬಿಟ್ಟು, ‘ಅಜ್ಜಿ, ಯಾವಾಗ ಬಂದೆ?’ ಎಂದಳು. ‘ಈಗ್ಲೇ, ಅರ್ಧ ಗಳಿಗೆ ಆಯ್ತು’ ಎಂದಳು ಅಜ್ಜಿ. ಪದ್ದಕ್ಕ ಒಂದು ಲೋಟ ಗಂಜಿ ಪೂರ್ತಿ ಕುಡಿದದ್ದನ್ನು ಕಂಡು ನಾನು ಗೋಡೆಯ ಕಡೆ ತಿರುಗಿ ಅತ್ತೆ.

ಕೆಲಸಕ್ಕೆ ಹೊರಟಿದ್ದ ಭಾವ ಬಾಗಿಲಲ್ಲೇ ನಿಂತಿದ್ದ. ಕೈಯಲ್ಲಿ ಊಟದ ಡಬ್ಬಿ. ನಿಂತವನು ಒಳಗೆ ಬಂದು ಅಜ್ಜಿಯ ಎದುರು ನೆಲದ ಮೇಲೆ ಕೂತುಬಿಟ್ಟ.

‘ಅಜ್ಜಿ, ಡಾಕ್ಟರು ತಂತಿ ಕೊಡು ಅಂತ ಸೋಮವಾರಾನೇ ಹೇಳಿದ್ರು. ನಾನು ಕೊಡಲಿಲ್ಲ. ಹದಿನೈದು ನಿಮಿಷ ಅಂತ ಹೇಳಿ ಮಾಡ್ಕೊಂಡ ಮದುವೆ. ನೀವು ಇಷ್ಟು ದೂರ ಬಂದು ನಿಂತ್ರೆ ಯಾವ ಮುಖ ಇಟ್ಕೊಂಡು ನೋಡ್ಲಿ ಅಂತ ಇವತ್ತು ಕಮ್ಮಿ ಆಗುತ್ತೆ, ನಾಳೆ ಕಮ್ಮಿ ಆಗುತ್ತೆ ಅಂದ್ಕೊಂಡು ಮೂರು ದಿನ ತಡ ಮಾಡಿದೆ. ಇವಳಿಗೆ ಏನಾದ್ರೂ ಆಗಿದ್ರೆ ನಾನೇ ಕೊಂದಂಗೆ ಆಗ್ತಿತ್ತು.’

ಅವನು ಅಳುತ್ತಿದ್ದ. ಅಜ್ಜಿ ಪದ್ದಕ್ಕನ ಕೂದಲ ಸಿಕ್ಕು ಬಿಡಿಸುತ್ತಿದ್ದಳು. ಕೈ ನಿಲ್ಲಿಸದೆ ಹೇಳಿದಳು.

‘ಶ್ರೀನಿವಾಸಪುರ ನಮ್ಮೂರಿಗೆ ಎಷ್ಟು ದೂರ ಗೊತ್ತೇನಪ್ಪ? ಬೆಳಿಗ್ಗೆ ಗಾಡಿ ಕಟ್ಟಿದ್ರೆ ಹೊತ್ತು ಮುಳುಗೋದ್ರೊಳಗೆ ಹೋಗಬೋದು. ಗೌರಿಗೆ ಜ್ವರ ಅಂತ ಆಳು ಬಂದು ಹೇಳಿದ್ದು ಬೆಳಿಗ್ಗೇನೇ. ಅಮಾವಾಸ್ಯೆ ಕಳೀಲಿ, ನಾಳೆ ಹೊರಡ್ತೀನಿ ಅಂದೆ. ಇವಳ ತಾತ ಗಾಡಿ ಕಟ್ಟಿ ನಿಂತಿದ್ರು, ನಾನೇ ಬಿಚ್ಚಿಸಿದೆ. ಆಮೇಲೆ ಇಷ್ಟು ವರ್ಷ ಎಲ್ಲರ ಮುಂದೆ ದೂರಾನೇ ದೂರ್ಕೊಂಡು ಕೂತಿದ್ದೆ.’

ಸಿಕ್ಕು ಬಿಟ್ಟಿತು. ಅಜ್ಜಿ ಕೂದಲನ್ನು ಮೂರು ಎಳೆ ಮಾಡಿ ಹೆಣೆಯತೊಡಗಿದಳು.

‘ಅಳಬೇಡ, ಏಳು. ನೀನು ಮೂರು ದಿನ ತಡ ಮಾಡಿದೆ, ನಿನ್ನ ಹೆಂಡ್ತಿ ನಿನಗೆ ಸಿಕ್ಕಿದ್ಲು. ನಾನು ಒಂದೇ ದಿನ ಕಣಪ್ಪ ತಡ ಮಾಡಿದ್ದು.’